ಪ್ರಾಥಮಿಕ ಶಾಲಾ ಮಕ್ಕಳ ಕಲಿಕಾ ಸಾಧನೆಯ ಮೌಲ್ಯಾಂಕನ: ಲಚ್ಯಾಣ ಹಾಗೂ ಸುತ್ತಲಿನ ಗ್ರಾಮಗಳ ಪಾಲಕರಿಗೆ ಮಾಹಿತಿ

ಪೀಠಿಕೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಹಾಗೂ ಸುತ್ತಲಿನ ಗ್ರಾಮಗಳ ಪ್ರಾಥಮಿಕ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳ ಪಾಲಕರಿಗಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಪಾಲಕರಿಗೂ ಇದು ಅನ್ವಯಿಸುತ್ತದೆ. ಮೌಲ್ಯಾಂಕನದ ಫಲಿತಾಂಶವು ಮಗುವಿಗೆ ಯಾವ ವಿಷಯದಲ್ಲಿ ನೆರವು ಬೇಕು ಎಂಬುದನ್ನು ತಿಳಿಯುವ ಸಾಧನವಾಗಿದೆ. ಅದರ ಆಧಾರದ ಮೇಲೆ ಪ್ರಾಥಮಿಕ ಹಂತದ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಲು ಅವಕಾಶವಿರುವುದಿಲ್ಲ.

ಹಿನ್ನೆಲೆ

ಅಂದಿನ ಬಿಜಾಪುರ ಜಿಲ್ಲೆಯು 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಆ ಕಾಲದಲ್ಲಿ 7ನೇ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಮುಲ್ಕಿ ಪರೀಕ್ಷೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅದು ತೇರ್ಗಡೆ ಅಥವಾ ಅನುತ್ತೀರ್ಣತೆಯನ್ನು ನಿರ್ಧರಿಸುವ ಪರೀಕ್ಷೆಯಾಗಿತ್ತು. 2005-06ರಲ್ಲಿ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆಯು ಆರಂಭಗೊಂಡ ನಂತರ, ಶಾಲೆಯಲ್ಲಿ ಮಕ್ಕಳು ಏನು ಕಲಿತಿದ್ದಾರೆ ಎಂಬುದನ್ನು ರಾಜ್ಯಾದ್ಯಂತ ಒಂದೇ ಅಳತೆಯಿಂದ ನೋಡುವ ಕ್ರಮವು ರೂಢಿಗೆ ಬಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿತು.

ಮೌಲ್ಯಾಂಕನದ ಎರಡು ಬಗೆಗಳು

1. ಮಾದರಿ ಸಮೀಕ್ಷೆ: ರಾಷ್ಟ್ರೀಯ ಸಾಧನಾ ಸಮೀಕ್ಷೆಯನ್ನು 2017ರ ನವೆಂಬರ್ 13 ಹಾಗೂ 2021ರ ನವೆಂಬರ್ 12ರಂದು ನಡೆಸಲಾಯಿತು. ಅದರ ಮುಂದುವರಿಕೆಯಾದ ಪರಖ್ ರಾಷ್ಟ್ರೀಯ ಸರ್ವೇಕ್ಷಣವನ್ನು 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳಿಗೆ ನಡೆಸಲಾಯಿತು. ಇವುಗಳಲ್ಲಿ ಎಲ್ಲ ಶಾಲೆಗಳನ್ನೂ ಎಲ್ಲ ಮಕ್ಕಳನ್ನೂ ಪರೀಕ್ಷಿಸುವುದಿಲ್ಲ. ಆಯ್ದ ಕೆಲವು ಶಾಲೆಗಳ ಆಯ್ದ ಮಕ್ಕಳು ಮಾತ್ರ ಉತ್ತರಿಸುತ್ತಾರೆ. ವರದಿಯನ್ನು ಜಿಲ್ಲೆ, ರಾಜ್ಯ ಹಾಗೂ ರಾಷ್ಟ್ರ ಮಟ್ಟದಲ್ಲಿ ನೀಡಲಾಗುತ್ತದೆ. ಆದುದರಿಂದ ಜಿಲ್ಲೆಯ ಸರಾಸರಿಯನ್ನು ಮುಂದಿಟ್ಟು ಒಂದು ಗ್ರಾಮದ ಶಾಲೆ ಉತ್ತಮವೆಂದಾಗಲಿ, ಹಿಂದುಳಿದಿದೆಯೆಂದಾಗಲಿ ತೀರ್ಮಾನಿಸುವುದು ಸರಿಯಲ್ಲ.

2. ಶಾಲಾ ಹಂತದ ಮೌಲ್ಯಮಾಪನ: ಇದು ಪ್ರತಿಯೊಂದು ಮಗುವಿಗೂ ನಡೆಯುತ್ತದೆ ಹಾಗೂ ಇದರ ದಾಖಲೆಯು ಪ್ರಗತಿ ಪತ್ರದಲ್ಲಿ ಇರುತ್ತದೆ. 1ರಿಂದ 3ನೇ ತರಗತಿಯವರೆಗಿನ ನಲಿ-ಕಲಿ ಪದ್ಧತಿಯಲ್ಲಿ ಮಗುವು ಕಲಿಕಾ ಏಣಿಯ ಯಾವ ಮೆಟ್ಟಿಲನ್ನು ತಲುಪಿದೆ ಎಂಬುದೇ ಮುಖ್ಯ. ಈ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು.

ಪ್ರಗತಿ ಪತ್ರವನ್ನು ಓದುವ ಕ್ರಮ

ಮೇಲಿನ ತರಗತಿಗಳಲ್ಲಿ ರೂಢಿಯಲ್ಲಿರುವ ವಿಧಾನದಂತೆ ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಇರುತ್ತವೆ. ರೂಪಣಾತ್ಮಕಕ್ಕೆ ತಲಾ 15ರಂತೆ 60, ಸಂಕಲನಾತ್ಮಕಕ್ಕೆ ತಲಾ 20ರಂತೆ 40, ಒಟ್ಟು 100 ಅಂಕಗಳು. ಶ್ರೇಣಿಗಳು ಈ ಕೆಳಗಿನಂತಿವೆ:

ಎ+ : 90ರಿಂದ 100
ಎ : 70ರಿಂದ 89
ಬಿ+ : 50ರಿಂದ 69
ಬಿ : 30ರಿಂದ 49
ಸಿ : 30ಕ್ಕಿಂತ ಕಡಿಮೆ

ಆಯಾ ವರ್ಷದ ಸುತ್ತೋಲೆಯಲ್ಲಿ ವ್ಯತ್ಯಾಸವಿದ್ದಲ್ಲಿ ಸುತ್ತೋಲೆಯೇ ಅನ್ವಯವಾಗುತ್ತದೆ.

ಉದಾಹರಣೆ: ಒಂದು ಮಗು ಗಣಿತದಲ್ಲಿ ನಾಲ್ಕು ರೂಪಣಾತ್ಮಕಗಳಲ್ಲಿ ತಲಾ 9ರಂತೆ 36, ಮೊದಲ ಸಂಕಲನಾತ್ಮಕದಲ್ಲಿ 11 ಅಂಕ ಪಡೆದಿದೆ ಎಂದು ಭಾವಿಸಿದರೆ, ಎರಡನೆಯದರಲ್ಲಿಯೂ 11 ಬಂದಲ್ಲಿ ಒಟ್ಟು 58 ಆಗಿ ಬಿ+ ಶ್ರೇಣಿ ದೊರೆಯುತ್ತದೆ. ಆ ಮಗು ಎರಡನೆಯದಕ್ಕೆ ಗೈರುಹಾಜರಾದಲ್ಲಿ ಒಟ್ಟು 47 ಆಗಿ ಬಿ ಶ್ರೇಣಿಗೆ ಇಳಿಯುತ್ತದೆ. ಇಲ್ಲಿ ಕಡಿಮೆಯಾದದ್ದು ಹಾಜರಾತಿ, ಕಲಿಕೆಯಲ್ಲ. ಆದಕಾರಣ ಪಾಲಕರು ಕೇವಲ ಒಟ್ಟು ಶ್ರೇಣಿಯನ್ನು ನೋಡದೆ, ವಿಷಯವಾರು ಹಾಗೂ ಅವಧಿವಾರು ಅಂಕಗಳನ್ನು ಪರಿಶೀಲಿಸತಕ್ಕದ್ದು. ಓದುವುದು, ಬರೆಯುವುದು, ಕಳೆಯುವ ಲೆಕ್ಕ, ಭಾಗಾಕಾರ ಮುಂತಾದವುಗಳಲ್ಲಿ ಮಗುವು ಎಲ್ಲಿ ನಿಂತಿದೆ ಎಂಬುದನ್ನು ತರಗತಿ ಶಿಕ್ಷಕರಿಂದ ಕೇಳಿ ತಿಳಿಯಬಹುದು.

5 ಮತ್ತು 8ನೇ ತರಗತಿಗಳ ಮೌಲ್ಯಾಂಕನ

2019ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಈ ಎರಡು ತರಗತಿಗಳ ಕೊನೆಗೆ ಪರೀಕ್ಷೆ ನಡೆಸಬಹುದಾಗಿದೆ. ಅನುತ್ತೀರ್ಣನಾದ ಮಗುವಿಗೆ ಹೆಚ್ಚುವರಿ ಬೋಧನೆ ನೀಡಿ, ಎರಡು ತಿಂಗಳೊಳಗೆ ಮರುಪರೀಕ್ಷೆಯ ಅವಕಾಶ ನೀಡಬೇಕು. ಅನಂತರ ಮಗುವನ್ನು ಅದೇ ತರಗತಿಯಲ್ಲಿ ಉಳಿಸಬೇಕೇ ಎಂಬ ನಿರ್ಧಾರವನ್ನು ಆಯಾ ಸರ್ಕಾರಕ್ಕೆ ಬಿಡಲಾಗಿದೆ.

ಕರ್ನಾಟಕದಲ್ಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದ ಅನುಮತಿಯ ನಂತರ 2023ರ ಮಾರ್ಚ್ 27ರಿಂದ ಈ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯಿತು. ಯಾವ ಮಗುವನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಸರ್ಕಾರವು ತಿಳಿಸಿತ್ತು. 2024ರಲ್ಲಿ ಪುನಃ ನಡೆದ ಮೌಲ್ಯಾಂಕನದ ಫಲಿತಾಂಶವನ್ನು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 8ರಂದು ತಡೆಹಿಡಿಯಿತು. ಪಾಲಕರು ವದಂತಿಗಳಿಗೆ ಕಿವಿಗೊಡದೆ, ಆಯಾ ವರ್ಷದ ಆದೇಶವನ್ನು ಮುಖ್ಯೋಪಾಧ್ಯಾಯರಿಂದ ತಿಳಿದುಕೊಳ್ಳತಕ್ಕದ್ದು.

ದುಡಿಯಲು ಹೊರಹೋಗುವ ಕುಟುಂಬಗಳ ಮಕ್ಕಳು

ಈ ಭಾಗದ ಅನೇಕ ಕುಟುಂಬಗಳು ಕಬ್ಬು ಕಟಾವು ಮುಂತಾದ ಕೆಲಸಗಳಿಗಾಗಿ ಮಹಾರಾಷ್ಟ್ರ ಹಾಗೂ ಇತರ ಕಡೆಗಳಿಗೆ ಗುಳೆ ಹೋಗುತ್ತವೆ. ಕಬ್ಬಿನ ಹಂಗಾಮು ಹಾಗೂ ವಾರ್ಷಿಕ ಮೌಲ್ಯಮಾಪನದ ಕಾಲ ಒಂದಕ್ಕೊಂದು ತಾಗುವುದರಿಂದ ಮಕ್ಕಳಿಗೆ ತೊಂದರೆಯಾಗುತ್ತದೆ. ಇಂತಹ ಪಾಲಕರು ಗಮನಿಸಬೇಕಾದ ಅಂಶಗಳು:

1. ಹೊರಡುವ ಮುನ್ನ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ, ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.
2. ಮಗುವನ್ನು ಸಂಬಂಧಿಕರ ಮನೆಯಲ್ಲಿ ಬಿಟ್ಟು ಹೋಗುವುದಾದಲ್ಲಿ, ಜವಾಬ್ದಾರರ ಹೆಸರನ್ನು ಶಾಲೆಗೆ ನೀಡುವುದು.
3. ಬೇರೆ ಶಾಲೆಗೆ ಸೇರಿಸುವುದಾದಲ್ಲಿ ವರ್ಗಾವಣೆ ಪ್ರಮಾಣಪತ್ರ ಕೇಳುವುದು. ಕಾಯ್ದೆಯ ಕಲಂ 5ರಂತೆ ಮುಖ್ಯೋಪಾಧ್ಯಾಯರು ಅದನ್ನು ಕೂಡಲೇ ನೀಡಬೇಕು. ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶ ನಿರಾಕರಿಸುವಂತಿಲ್ಲ.
4. ಶಾಲೆ ಬಿಟ್ಟ ಮಗುವನ್ನು ಕಲಂ 4ರಂತೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಅಂತಹ ಮಗುವು ವಿಶೇಷ ತರಬೇತಿ ಪಡೆಯುವ ಹಕ್ಕನ್ನು ಹೊಂದಿರುತ್ತದೆ.

ಅರ್ಜಿ ಮತ್ತು ದೂರು ಸಲ್ಲಿಸುವ ವಿಧಾನ

ಮೊದಲ ಹಂತ: ಪ್ರಗತಿ ಪತ್ರ ದೊರೆಯದಿದ್ದಲ್ಲಿ ಅಥವಾ ಅಂಕಗಳಲ್ಲಿ ಸಂದೇಹವಿದ್ದಲ್ಲಿ ಬಿಳಿ ಹಾಳೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದು, ಸ್ವೀಕೃತಿ ಪಡೆಯುವುದು. ಅರ್ಜಿಯಲ್ಲಿ ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ ಹಾಗೂ ವಿಷಯ ನಮೂದಿಸುವುದು.

ಎರಡನೆಯ ಹಂತ: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯವನ್ನು ಮಂಡಿಸುವುದು. ಕಾಯ್ದೆಯಂತೆ ಇಂತಹ ಸಮಿತಿಯಲ್ಲಿ ಕನಿಷ್ಠ ನಾಲ್ಕನೇ ಮೂರರಷ್ಟು ಸದಸ್ಯರು ಪಾಲಕರೇ ಆಗಿರಬೇಕು.

ಮೂರನೆಯ ಹಂತ: ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸುವುದು. ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಕಲಂ 32ರಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ನೀಡಬಹುದು. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಅಸಮಾಧಾನವಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಉತ್ತರ ಪತ್ರಿಕೆ ನೋಡಬಯಸುವವರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಉತ್ತರ 30 ದಿನಗಳೊಳಗೆ ದೊರೆಯಬೇಕು. ಪರೀಕ್ಷೆ ಬರೆದವರು ತಮ್ಮ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ನೋಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪು ನೀಡಿದೆ.

ಸೂಚನೆ

ಕಡಿಮೆ ಶ್ರೇಣಿ ಬಂದ ಮಗುವನ್ನು ಹೊಡೆಯುವುದು, ಹೀಯಾಳಿಸುವುದು ಕಲಂ 17ರಂತೆ ಶಾಲೆಯಲ್ಲಿ ನಿಷಿದ್ಧವಾಗಿದೆ. ಮನೆಯಲ್ಲಿಯೂ ಮಗುವನ್ನು ಇತರ ಮಕ್ಕಳೊಂದಿಗೆ ಹೋಲಿಸದೆ, ಅದರ ಹಿಂದಿನ ಅವಧಿಯ ಅಂಕಗಳೊಂದಿಗೆ ಮಾತ್ರ ಹೋಲಿಸುವುದು ಸೂಕ್ತ. ಶ್ರೇಣಿ ಕಡಿಮೆ ಬಂದಿತೆಂದು ಮಗುವನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಬಾರದಾಗಿ ಪಾಲಕರಲ್ಲಿ ಕೋರಲಾಗಿದೆ.