ಭರಣಿ ಮಳೆಯಲ್ಲಿ ಬಿಡಾರ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರೈತರು ಜೂನ್ ತಿಂಗಳ ಮುಂಗಾರನ್ನು ನಂಬಿ ಕೂರುವವರಲ್ಲ. ನೈಋತ್ಯದಿಂದ ಹೊರಟ ಮೋಡಗಳು ವಯನಾಡು, ನೀಲಗಿರಿಯ ಆಚೆ ಮಗ್ಗುಲಲ್ಲೇ ಬಹುಪಾಲು ಸುರಿದು, ಹಗುರಾಗಿ ಇತ್ತ ದಾಟುತ್ತವೆ. ಇಲ್ಲಿನ ಹೊಲ ಹದವಾಗುವುದು ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ. ಏಪ್ರಿಲ್ ನಡುವೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಈ ಮಳೆಗೆ ಗೊತ್ತುಗುರಿಯಿಲ್ಲ. ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಇಳಿಹೊತ್ತಿಗೆ ದೂಳೆಬ್ಬಿಸುವ ಗಾಳಿ, ಅದರ ಬೆನ್ನಿಗೇ ಆಲಿಕಲ್ಲು. ಒಂದು ಊರಿನ ಕೆರೆಗೆ ನೀರು ಬಂದರೆ ಪಕ್ಕದೂರಿನ ಬೀದಿಯ ದೂಳೂ ಅಡಗಿರುವುದಿಲ್ಲ.

ಜಿಲ್ಲೆಯ ಎರಡು ದೊಡ್ಡ ಬೆಟ್ಟದ ಜಾತ್ರೆಗಳು ಬೀಳುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಯುಗಾದಿಯ ತೇರು, ಬಿಳಿಗಿರಿರಂಗನ ಬೆಟ್ಟದಲ್ಲಿ ಏಪ್ರಿಲ್ ಹೊತ್ತಿನ ದೊಡ್ಡ ತೇರು. ಆಕಾಶವನ್ನು ಎಳ್ಳಷ್ಟೂ ನಂಬಲಾಗದ ಈ ದಿನಗಳಲ್ಲೇ ಸಾವಿರಾರು ಜನ ಮನೆಬಿಟ್ಟು ಬಂದು ಬಯಲಲ್ಲಿ ರಾತ್ರಿ ಕಳೆಯುವುದು ಈ ಸೀಮೆಯ ಹಳೆಯ ರೂಢಿ.

ಈಗ ಬೆಂಗಳೂರು, ಮೈಸೂರಿನ ಹುಡುಗ ಹುಡುಗಿಯರು ಬೆನ್ನುಚೀಲದಲ್ಲಿ ನೈಲಾನ್ ಜೋಲಿ ತರುತ್ತಾರೆ. ಎರಡು ಮರದ ನಡುವೆ ಬಿಗಿದು, ಮೇಲೊಂದು ಟಾರ್ಪಾಲು ಕಟ್ಟಿದರೆ ಮಲಗುವ ಮನೆ ಸಿದ್ಧ. ಈ ಹ್ಯಾಮಕ್ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಜಗತ್ತಿಗೆ ಕೊಟ್ಟದ್ದು. 1492ರಲ್ಲಿ ಕೊಲಂಬಸ್ ಬಹಾಮಾದಲ್ಲಿ ಅದನ್ನು ಕಂಡ. ಮುಂದೆ ಯುರೋಪಿನ ಹಡಗುಗಳ ನಾವಿಕರು ಅದರಲ್ಲೇ ಮಲಗಿ ಸಮುದ್ರ ಸುತ್ತಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಅದಕ್ಕೆ ಮಳೆ ತಡೆಯುವ ಮಾಡು, ಸುತ್ತಲೂ ಸೊಳ್ಳೆಪರದೆ ಹೊಲಿದು ಪೆಸಿಫಿಕ್ ದ್ವೀಪಗಳ ಕಾಡಿಗೆ ಕಳಿಸಿತು. ಇವತ್ತು ಅಂಗಡಿಯಲ್ಲಿ ಸಿಗುವ ಮಳೆಗಾಲದ ಜೋಲಿಗಳ ಹಿರೀಕ ಅದೇ.

ಚಾಮರಾಜನಗರದವರಿಗೆ ಮರಕ್ಕೆ ಕಟ್ಟಿದ ಬಟ್ಟೆ ಹೊಸದೇನಲ್ಲ. ಕಳೆ ಕೀಳಲು ಹೋದ ತಾಯಿ ಹಳೇ ಸೀರೆಯನ್ನು ಹುಣಸೆಕೊಂಬೆಗೆ ಕಟ್ಟಿ ಕೂಸನ್ನು ಮಲಗಿಸುತ್ತಾಳೆ. ರಸ್ತೆಯಿಲ್ಲದ ಮಲೆಯ ಊರುಗಳಿಂದ ಬಸುರಿಯರನ್ನೂ ರೋಗಿಗಳನ್ನೂ ಬೊಂಬಿಗೆ ಕಟ್ಟಿದ ಬಟ್ಟೆಯ ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಈಚಿನ ವರ್ಷಗಳಲ್ಲೂ ಪತ್ರಿಕೆಗಳಲ್ಲಿ ಬಂದಿದೆ. ಆದರೆ ಗಟ್ಟಿಮುಟ್ಟಾದ ಆಳು ರಾತ್ರಿ ನಿದ್ದೆಗೆ ಜೋಲಿ ಕಟ್ಟಿಕೊಂಡ ರೂಢಿ ಇಲ್ಲಿಲ್ಲ. ಬೆಂಕಿಯೇ ಇದಕ್ಕೆ ಕಾರಣವಿರಬೇಕು. ಮಲೆಯ ಮೇಲೆ ಮಳೆ ಬಿದ್ದ ರಾತ್ರಿ ಚಳಿ ಮೂಳೆಗಿಳಿಯುತ್ತದೆ. ನೆಲಕ್ಕೆ ಒರಗಿದವನಿಗೆ ಬೆಂಕಿ ಎಟುಕುತ್ತದೆ, ತೂಗಾಡುವವನ ಬೆನ್ನಿಗೆ ಗಾಳಿಯೊಂದೇ ಗತಿ.

ಈ ಬೆಂಕಿಯ ನಿದ್ದೆಗೆ ಇನ್ನೂರು ವರ್ಷ ದಾಟಿದ ದಾಖಲೆಯಿದೆ. 1799ರಲ್ಲಿ ಟಿಪ್ಪು ಬಿದ್ದ ಮರುವರ್ಷ ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಮೈಸೂರು ಸೀಮೆಯನ್ನು ಸುತ್ತಿ, ಬೆಳೆ, ತೆರಿಗೆ, ಕುಲಕಸುಬುಗಳ ವಿವರ ಬರೆದುಕೊಂಡ. ಮೈಸೂರು–ಕೊಯಮತ್ತೂರು ಗಡಿಯ ಬೆಟ್ಟಗಳ ಸೋಲಿಗ ಬುಡಕಟ್ಟಿನವರ ಬಗ್ಗೆಯೂ ಆತ ಬರೆದಿದ್ದಾನೆ. ಬಿದಿರಿನ ಎರಡೂ ತುದಿಯನ್ನು ನೆಲಕ್ಕೆ ನೆಟ್ಟು ಕಮಾನು ಮಾಡಿ, ಬಾಳೆಲೆ ಹೊದಿಸಿದ ಗುಡಿಸಲು. ಒಳಗೆ ಬಾಳೆಲೆ ಹಾಸಿಗೆ, ಬಾಳೆಲೆಯೇ ಹೊದಿಕೆ, ನಡುವೆ ಬೆಂಕಿ, ಸುತ್ತ ಜನ. ಬುಕಾನನ್‌ಗೆ ಅದು ಕಡುಬಡತನವಾಗಿ ಕಂಡಿತು. ಇಂದು ಮಳೆಯಲ್ಲಿ ಬಿಡಾರ ಹೂಡುವವನು ಅದೇ ಟಿಪ್ಪಣಿಯನ್ನು ಬೇರೆ ಕಣ್ಣಿನಿಂದ ಓದಿಯಾನು. ನೀರು ಜಾರುವ ಕಮಾನು, ಬೆಳಗ್ಗೆ ಹೊರುವ ಹಂಗಿಲ್ಲದ ಮಾಡು, ಕೈಗೆ ಸಿಕ್ಕ ಸಾಮಾನು. ಕಂಪನಿಯ ಡೇರೆಗಳನ್ನಾದರೋ ಎತ್ತುಗಳ ಮೇಲೆ ಹೇರಿ ಸಾಗಿಸಬೇಕಿತ್ತು.

ಸೋಲಿಗರು ಈ ಮಳೆಯ ದಿನಗಳಲ್ಲಿ ತಮ್ಮ ಪೋಡಿನಿಂದ, ಅಂದರೆ ಹಾಡಿಯಿಂದಾಚೆ ರಾತ್ರಿ ಕಳೆಯುತ್ತಿದ್ದುದು ಹೆಚ್ಚಾಗಿ ಜೇನಿಗಾಗಿ. ಹೆಜ್ಜೇನಿನ ಹಂಗಾಮು ಏಪ್ರಿಲ್‌ನಿಂದ ಜೂನ್‌ವರೆಗೆ. ಎತ್ತರದ ಮರಕ್ಕೋ ಬಂಡೆಗೋ ಕತ್ತಲಾದ ಮೇಲೆ ಏರಿ, ಹೊಗೆ ಹಿಡಿದು, ಹಾಡು ಹೇಳುತ್ತ ಎರಿ ಕೊಯ್ಯಬೇಕು. ಏರಲು ಕಾಡಿನ ಬಳ್ಳಿಯೇ ಏಣಿ. ಬಳ್ಳಿ ಯಾವುದು, ಎಷ್ಟು ಬಲಿತಿರಬೇಕು, ನೆನೆದಾಗ ಜಾರುತ್ತದೋ ಹಿಡಿತ ಕೊಡುತ್ತದೋ ಎಂಬ ತಿಳಿವಳಿಕೆಯ ಮೇಲೆ ಜೀವ ನಿಂತಿರುತ್ತಿತ್ತು. ಕಂಸಾಳೆಯವರು ಹಾಡುವ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಕಾವ್ಯದಲ್ಲೂ ಇದರ ನೆರಳಿದೆ. ಸೋಲಿಗರ ನೀಲೇಗೌಡ ಬೇಟೆಗೂ ಜೇನಿಗೂ ಕಾಡಿಗೆ ಹೊರಡುವಾಗ ಹೆಂಡತಿ ಸಂಕಮ್ಮನ ಮೇಲೆ ಸಂಶಯಪಟ್ಟು ಅವಳನ್ನು ಕಟ್ಟುಪಾಡಿಗೆ ಸಿಕ್ಕಿಸಿ ಹೋಗುತ್ತಾನೆ. ಒಂಟಿ ಹೆಣ್ಣು, ಕಾಡಿನ ಗುಡಿಸಲು, ಬೇಗ ಬಾರದ ಗಂಡ: ಇಡೀ ಕಾವ್ಯದಲ್ಲಿ ಕೇಳುಗರ ಕಣ್ಣು ಒದ್ದೆಯಾಗುವ ಭಾಗ ಇದೇ. ಜೇನಿಗೆ ಹೋದವರು ಅಂದೇ ಮನೆಗೆ ಮರಳುತ್ತಿರಲಿಲ್ಲ ಎಂಬುದು ಗೊತ್ತಿದ್ದವರಿಗೇ ಆ ಕತೆಯ ಭಾರ ತಟ್ಟುತ್ತದೆ.

ಬಯಲುಸೀಮೆಯವರ ಸಿದ್ಧತೆ ಬೇರೆ. ಅದರ ಮುಖ್ಯ ಸಾಮಾನು ಕಂಬಳಿ.

ಕುರುಬರು ಕುರಿಯ ಉಣ್ಣೆ ಕತ್ತರಿಸಿ, ನೂತು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು ಬಿರುಸು ಮಾಡಿ ಕುಣಿಮಗ್ಗದಲ್ಲಿ ನೇಯ್ದ ಕರಿಕಂಬಳಿ ಒಂದಿದ್ದರೆ ಜಾತ್ರೆಗೆ ಹೊರಟವನಿಗೆ ಅರ್ಧ ಚಿಂತೆ ಕಳೆದಂತೆ. ಒಂದು ತುದಿಯನ್ನು ಮಡಚಿ ತಲೆಗೇರಿಸಿದರೆ ಕೊಪ್ಪೆ, ಬೆನ್ನು ಕಾಲು ಎರಡೂ ಮರೆಯಾಗುತ್ತವೆ. ಮಳೆ ಬಿದ್ದಾಗ ಉಣ್ಣೆಯ ಎಳೆ ಉಬ್ಬಿ ನೇಯ್ಗೆ ಬಿಗಿಯುತ್ತದೆ. ಉಣ್ಣೆಯಲ್ಲಿ ಉಳಿದ ಜಿಡ್ಡು ಹನಿಯನ್ನು ಹೊರಗೇ ಜಾರಿಸುತ್ತದೆ. ನೀರು ಕೊನೆಗೂ ಒಳಗಿಳಿದರೂ ಉಣ್ಣೆ ಹತ್ತಿಯಷ್ಟು ಬೇಗ ಮೈಯ ಕಾವನ್ನು ಬಿಟ್ಟುಕೊಡುವುದಿಲ್ಲ. ಕಂಬಳಿ ಬೆಂಕಿಯ ಕಿಡಿಗೂ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ಈಗಿನ ನೈಲಾನ್ ಜೋಲಿಗೆ ಒಂದು ಕಿಡಿ ತಗುಲಿದರೆ ತೂತು ಬಿತ್ತೆಂದೇ ಲೆಕ್ಕ. ಕಂಬಳಿಯ ದೋಷ ತೂಕ. ಒಣಗಿದ್ದಾಗ ಹೊರೆ, ನೆನೆದರೆ ಎರಡು ಹೊರೆ, ಬಿಸಿಲು ಬಾರದಿದ್ದರೆ ದಿನಗಟ್ಟಲೆ ಮುಗ್ಗಲು ವಾಸನೆ. ಕಂಬಳಿ ಕೊಳ್ಳಲಾಗದವರು ಗೋಣಿಚೀಲದ ಒಂದು ಮೂಲೆಯನ್ನು ಒಳಕ್ಕೆ ತಳ್ಳಿ ಗೋಣಿಕೊಪ್ಪೆ ಹಾಕಿಕೊಂಡರು. ಅಗ್ಗದ ನೀಲಿ ಟಾರ್ಪಾಲು ಬಂದ ಮೇಲೆ ಎರಡೂ ಮೂಲೆಗೆ ಸರಿದವು.

ಜಾತ್ರೆಯ ಬಿಡಾರಗಳಲ್ಲಿ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನದು ದೊಡ್ಡದು. ಜನವರಿಯ ಹುಣ್ಣಿಮೆಯ ರಾತ್ರಿ ಚಂದ್ರಮಂಡಲವೆಂಬ ಉತ್ಸವದ ಬೆಂಕಿ ಹೊತ್ತಿಸಿದ ಮೇಲೆ ಐದು ದಿನ ಅಲ್ಲಿನ ದೈವ ಸಿದ್ದಪ್ಪಾಜಿಯ ಒಕ್ಕಲು ಹೊಲದಲ್ಲೇ ಬಿಡಾರ ಹೂಡಿ, ಮೂರು ಕಲ್ಲಿನ ಒಲೆಯಲ್ಲಿ ಬೇಯಿಸಿ, ಅಲ್ಲೇ ಮಲಗುತ್ತದೆ. ಆದರೆ ಅದು ಒಣಗಾಲದ ಜಾತ್ರೆ. ಮಂಜಿಗೆ ಒಂದು ಬಟ್ಟೆಯ ಮರೆ ಸಾಕು. ಯುಗಾದಿಯ ಮಾದಪ್ಪನ ಬೆಟ್ಟದಲ್ಲಿ ಅಷ್ಟು ನಿಶ್ಚಿಂತೆಯಿಲ್ಲ. ತಾಳುಬೆಟ್ಟದಿಂದ ಬೆಟ್ಟಕ್ಕೆ ಸುಮಾರು 18 ಕಿ.ಮೀ. ನಡಿಗೆ, ಸುತ್ತ ಎಪ್ಪತ್ತೇಳು ಮಲೆ. ಗಾಡಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಕಮಾನಿನೊಳಗೆ ಹೆಂಗಸರು ಮಕ್ಕಳು, ಗಾಡಿಯ ಅಡಿಯಲ್ಲಿ ಗಂಡಸರು, ನೊಗದ ಪಕ್ಕ ಎತ್ತು. ಗುಡುಗಿದರೆ ಮಂಟಪ, ಮಠದ ಜಗಲಿ, ಯಾರದೋ ಅಂಗಡಿಯ ಸೂರು. ಮರದಡಿಗೆ ಓಡುವವರಿಗೆ ಹಿರಿಯರು ಬೈಯುತ್ತಿದ್ದರು. ಸಿಡಿಲಿನ ಕಾಲದಲ್ಲಿ ಆ ಬೈಗುಳಕ್ಕೆ ಅರ್ಥವಿತ್ತು, ಜೋಲಿ ಕಟ್ಟುವವರಿಗೂ ಅದು ಅನ್ವಯಿಸುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡಿನಲ್ಲಿ ಮಲಗುವುದು ದೊಡ್ಡವರ ಹವ್ಯಾಸವಾಯಿತು. ಕಾಲುವೆ ಕೆಲಸಕ್ಕೆ ಬಂದಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಬಿಳಿಗಿರಿಯ ತಪ್ಪಲಲ್ಲಿ ಖೆಡ್ಡಾ ನಡೆಸಿ ಆನೆ ಹಿಂಡನ್ನು ಹಿಡಿದ. 1878ರಲ್ಲಿ ಅಚ್ಚಾದ ಅವನ ಪುಸ್ತಕದ ಬಹುಪಾಲು ಹುಟ್ಟಿದ್ದು ಚಾಮರಾಜನಗರದ ಸುತ್ತಿನ ಡೇರೆ, ಬಂಗಲೆಗಳಲ್ಲಿ. ಡೇರೆ ಹೊರುವವರು, ಜಾಡು ಹಿಡಿಯುವವರು, ರಾತ್ರಿ ಬೆಂಕಿ ಕಾಯುವವರು ಸ್ಥಳೀಯರೇ. ಮೊದಲ ಮಳೆಯ ನಂತರದ ಚಳಿಜ್ವರ ಮಾತ್ರ ಹೊತ್ತವರನ್ನೂ ಹೊರಿಸಿದವರನ್ನೂ ಒಂದೇ ಸಮ ಕೆಡವುತ್ತಿತ್ತು. ಬೆಟ್ಟದ ಕ್ಯಾತದೇವರಗುಡಿಯಲ್ಲಿ ಮೈಸೂರು ಮಹಾರಾಜರ ಬೇಟೆಯ ಬಿಡದಿಯಿತ್ತು. ಈಗ ಅಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಪ್ರವಾಸಿಗರಿಗೆ ಡೇರೆಯ ಕೋಣೆ ಬಾಡಿಗೆಗೆ ಕೊಡುತ್ತದೆ.

ಮಹಾರಾಜರ ಬೇಟೆಯಿಂದ ಬಾಡಿಗೆಯ ಡೇರೆಯವರೆಗಿನ ನಡುವೆ ಕಾನೂನು ಬಂತು. ಗುಂಡ್ಲುಪೇಟೆಯ ಪಕ್ಕದ ವೇಣುಗೋಪಾಲ ವನ್ಯಜೀವಿ ಉದ್ಯಾನ ಬಂಡೀಪುರವಾಗಿ ಬೆಳೆದು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿ 1974ರಲ್ಲಿ ಅಭಯಾರಣ್ಯವಾಯಿತು. ಒಳಕಾಡಿನ ಪೋಡುಗಳನ್ನು ಎಬ್ಬಿಸಿ ರಸ್ತೆಬದಿಗೆ ತಂದರು. ಅನುಮತಿಯಿಲ್ಲದೆ ಕಾಡಿಗೆ ಕಾಲಿಡುವುದೇ ಅಪರಾಧವಾದ ಮೇಲೆ ಮಲಗುವ ಮಾತೆಲ್ಲಿ? ಅತ್ತ ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಕಾಡಿನ ರಾತ್ರಿಗೆ ಇನ್ನೊಂದೇ ಅರ್ಥ ಬಂತು. 1997ರ ಅಕ್ಟೋಬರ್‌ನಲ್ಲಿ ಬಂಡೀಪುರದಿಂದ ಅಪಹರಣಗೊಂಡ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ 14 ದಿನ ಅವನ ಜೊತೆ ಅಲೆದರು, ಆ ಬಗ್ಗೆ ಪುಸ್ತಕವನ್ನೂ ಬರೆದರು. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವರನಟ ರಾಜ್‌ಕುಮಾರ್ ಅವರನ್ನು ಒಯ್ದದ್ದಂತೂ ನಾಡಿಗೆ ನಾಡೇ ನಿದ್ದೆಗೆಟ್ಟ ಸಂಗತಿ. ಎಪ್ಪತ್ತು ದಾಟಿದ ಆ ಹಿರಿಯರು ಮಳೆಗಾಲದ ನಡುವೆ 108 ದಿನ ಕಾಡಿನಲ್ಲಿದ್ದರು. ವೀರಪ್ಪನ್ 2004ರಲ್ಲಿ ಸತ್ತ ಎಷ್ಟೋ ದಿನಗಳವರೆಗೂ ಈ ಕಡೆಯ ತಾಯಂದಿರಿಗೆ ಮಕ್ಕಳು ಕಾಡಿನಲ್ಲಿ ರಾತ್ರಿ ಉಳಿಯುತ್ತಾರೆಂದರೆ ಎದೆ ಧಸಕ್ಕೆನ್ನುತ್ತಿತ್ತು.

ಜೇನಿಗೂ ಕುತ್ತು ಬಂತು. ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ನೆಪದಲ್ಲಿ ಬಿಳಿಗಿರಿಯಲ್ಲಿ ಕಿರು ಅರಣ್ಯ ಉತ್ಪನ್ನ ಸಂಗ್ರಹವನ್ನು 2006ರ ಹೊತ್ತಿಗೆ ನಿಲ್ಲಿಸಲಾಯಿತು. ಅದೇ ವರ್ಷದ ಅರಣ್ಯ ಹಕ್ಕು ಕಾಯ್ದೆಯ ಬಲದಿಂದ ಸೋಲಿಗರು ಪಟ್ಟುಹಿಡಿದು, 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಪಡೆದರು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಬೆಟ್ಟದ ರಂಗನಾಥನನ್ನು ಸೋಲಿಗರು ಭಾವ ಎಂದು ಕರೆಯುತ್ತಾರೆ, ತಮ್ಮ ಮಗಳು ಕುಸುಮಾಲೆಯನ್ನು ಮದುವೆಯಾದವನಲ್ಲವೇ! ಭಾವನ ಕಾಡಿಗೆ ಹೋಗಲು ಇಲಾಖೆಯ ಚೀಟಿ ಬೇಕಾದದ್ದು ಅವರಿಗೆ ವಿಚಿತ್ರವಾಗಿ ಕಂಡಿದ್ದರೆ ತಪ್ಪೇನಿಲ್ಲ.

ಹೀಗಾಗಿ ಇವತ್ತು ಜೋಲಿ ಹಿಡಿದು ಬರುವವರಿಗೆ ಇರುವ ಜಾಗ ಕಾಡಲ್ಲ. ಊರ ಮಗ್ಗುಲಿನ ಮಾವಿನ ತೋಪು, ತೆಂಗಿನ ತೋಟ, ಅದೂ ತೋಟದವರ ಒಪ್ಪಿಗೆಯಿದ್ದರೆ. ಕಾಡಂಚಿನ ಹೊಲಗಳಲ್ಲಿ ಆನೆ ಕಾಯಲು ಮರದ ಮೇಲೆ ಅಟ್ಟಣೆ ಕಟ್ಟುವ ರೈತರ ಮಾತನ್ನು ಮೊದಲು ಕೇಳುವುದು ಲೇಸು. ಆನೆಯ ದಾರಿ ಯಾವುದೆಂದು ಬಲ್ಲವರು ಅವರೇ, ಸೊಂಟದೆತ್ತರಕ್ಕೆ ಕಟ್ಟಿದ ಜೋಲಿ ಆನೆಯ ಲೆಕ್ಕಕ್ಕೆ ಎತ್ತರವೇ ಅಲ್ಲ. ನೆಲ ಬಿಟ್ಟು ಮಲಗುವುದರಿಂದ ಉಣುಗಿನ ಕಾಟ ಕಡಿಮೆ ಎಂಬುದು ನಿಜವಾದ ಲಾಭ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದ ಕಾಡಿನಲ್ಲೂ ಕಾಣಿಸಿಕೊಂಡಿತ್ತು, ಅದರ ಕಾಲವೂ ಬೇಸಿಗೆ ಮುಗಿಯುವವರೆಗೆ. ಉಳಿದದ್ದು ಕಟ್ಟುವ ಜಾಣತನ. ಒಣಕೊಂಬೆಯ ಕೆಳಗೆ, ಕಾಯಿ ಬೀಳುವ ತೆಂಗಿನಡಿಯಲ್ಲಿ ಕಟ್ಟಬಾರದು. ಟಾರ್ಪಾಲಿನ ಒಂದು ಬದಿಯನ್ನು ಗಾಳಿ ಬರುವ ಕಡೆಗೆ ತಗ್ಗಿಸಬೇಕು. ಮರದ ಮೈಮೇಲೆ ಹರಿಯುವ ನೀರು ಹಗ್ಗ ಹಿಡಿದು ಹಾಸಿಗೆಗೇ ಇಳಿಯುತ್ತದೆ, ಹಗ್ಗಕ್ಕೊಂದು ಬಟ್ಟೆಚೂರು ಗಂಟುಹಾಕಿ ಇಳಿಬಿಟ್ಟರೆ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬೆನ್ನಡಿಗೆ ಹಾಸಲು ಕುರುಬರ ಕಂಬಳಿ ಸಿಕ್ಕರೆ ಬೇರೆ ಹಾಸಿಗೆಯ ಹುಡುಕಾಟ ಬೇಡ.

ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ವರ್ಷಕ್ಕೊಮ್ಮೆ ತೇರು ಎಳೆಯಲು ಹಗ್ಗವನ್ನು ಪೇಟೆಯಿಂದ ತರುವುದಿಲ್ಲ. ಕಾಡಿನಲ್ಲಿ ಸಿಗುವ ಹಂಬನ್ನು ಕೊಯ್ದು ತಂದು ಹೊಸೆದ ಹಗ್ಗವೇ ಆಗಬೇಕು. 1,454 ಮೀಟರ್ ಎತ್ತರದ ಆ ಬೆಟ್ಟದ ನೆತ್ತಿಗೆ ಖಾಸಗಿ ವಾಹನ ಬಿಡುವುದಿಲ್ಲ, ರಾತ್ರಿ ಉಳಿಯಲೂ ಬಿಡುವುದಿಲ್ಲ. ಹಂಬಿನ ಹಗ್ಗ ಹಿಡಿದು ತೇರೆಳೆದ ಭಕ್ತರು ಸಂಜೆಯೊಳಗೆ ಸಾರಿಗೆ ಬಸ್ಸು ಹತ್ತಿ ಕೆಳಗಿಳಿಯಬೇಕು. ರಾತ್ರಿ ಒಂಬತ್ತಾದರೆ ಬಂಡೀಪುರದ ಹೆದ್ದಾರಿಯ ಗೇಟೂ ಮುಚ್ಚುತ್ತದೆ, 2009ರಿಂದ ಅದೇ ನಿಯಮ.