ಉಕಾರ ಸಿಗದ ಮಾತು

ಹೊರಗಿನಿಂದ ಬಂದ ಪದಕ್ಕೆ ಕೊನೆಯಲ್ಲೊಂದು ಉಕಾರ ಹಚ್ಚಿ ಮನೆಯೊಳಗೆ ಕರೆದುಕೊಳ್ಳುವುದು ಕನ್ನಡದ ಹಳೆಯ ರೂಢಿ. ಬಸ್ಸು, ಕಾರು, ಸೋಪು, ಪಂಪು. ಪಾಂಡವಪುರದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಇಂಥವು ಎಷ್ಟೋ ಕಿವಿಗೆ ಬೀಳುತ್ತವೆ. ‘ನಿರೋಧು’ ಎಂದವರನ್ನು ಮಾತ್ರ ನಾನು ಕೇಳಿಲ್ಲ. ಆ ಪದ ಇಂದಿಗೂ ಅರ್ಧಾಕ್ಷರದಲ್ಲೇ, ಹೊಸ್ತಿಲಾಚೆಯೇ ನಿಂತಿದೆ.

ಪದವೇನೋ ಪುರಾತನ. ನಿರೋಧವೆಂದರೆ ತಡೆ. ಪತಂಜಲಿ ತನ್ನ ಎರಡನೆಯ ಸೂತ್ರದಲ್ಲೇ ಅದನ್ನು ಬಳಸಿದ್ದಾನೆ. ಬುದ್ಧ ಹೇಳಿದ ನಾಲ್ಕು ಸತ್ಯಗಳಲ್ಲಿ ಮೂರನೆಯದರ ಹೆಸರೂ ಅದೇ. ‘ರೋಗನಿರೋಧಕ ಶಕ್ತಿ’ ಎಂದು ಶಾಲೆಯ ಮಕ್ಕಳು ನಾಚದೆ ಓದುತ್ತಾರೆ. ಕೇಂದ್ರ ಸರ್ಕಾರ 1968ರಲ್ಲಿ ಕಾಂಡೋಮಿಗೆ ಈ ಹೆಸರಿಟ್ಟು, ಮೂರಕ್ಕೆ 15 ಪೈಸೆಯಂತೆ ಮಾರಾಟಕ್ಕೆ ಬಿಟ್ಟಿತು. ಹಂಚುವ ಹೊಣೆ ಹೊತ್ತದ್ದು ಚಹಾ, ಸೋಪು, ಸಿಗರೇಟು, ಬ್ಯಾಟರಿ ಮಾರುವ ದೊಡ್ಡ ಕಂಪನಿಗಳು. ಹಿಂದಿಯ ದಾರಿ ಹಿಡಿದು ಬಂದದ್ದರಿಂದ ಕೊನೆಯ ಅಕಾರ ಕಳಚಿ ‘ನಿರೋಧ್’ ಆಗಿತ್ತು. ಅದೇ ಕಂಪನಿಗಳ ಸೋಪು ನಮ್ಮ ನಾಲಗೆಗೆ ಒಗ್ಗಿತು, ಇದು ಒಗ್ಗಲಿಲ್ಲ.

ನಾಚಿಕೆ ನಮ್ಮೊಬ್ಬರದೇ ಅಲ್ಲ. ಇಂಗ್ಲಿಷರು ಕಾಂಡೋಮನ್ನು ‘ಫ್ರೆಂಚ್ ಕಾಗದ’ ಎಂದು ಕರೆದರು, ಫ್ರೆಂಚರು ‘ಇಂಗ್ಲಿಷ್ ಮೇಲಂಗಿ’ ಎಂದರು. ಫ್ರೆಂಚರ ಹೆಸರು ನಮ್ಮೂರಿಗೂ ಅಂಟಿತ್ತು. ಹೈದರ್, ಟಿಪ್ಪುವಿನ ಪರ ಕಾದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದಕ್ಕೆ ನಮ್ಮ ಹಿರೋಡೆ ಇಂಗ್ಲಿಷರ ನಕ್ಷೆಯಲ್ಲಿ ‘ಫ್ರೆಂಚ್ ರಾಕ್ಸ್’ ಆಯಿತು. ಆಮೇಲೆ ಪಾಂಡವಪುರವೂ ಆಯಿತು. ಊರು ಎರಡು ಹೆಸರು ಕಳಚಿ ಮೂರನೆಯದನ್ನು ಒಪ್ಪಿಕೊಂಡಿತು. ಈ ವಸ್ತುವಿಗೋ ಒಗ್ಗುವ ಹೆಸರೇ ಸಿಗಲಿಲ್ಲ; ಕಾಂಡೋಮ್ ಎಂಬ ಪದದ ಮೂಲವೂ ಯಾರಿಗೂ ತಿಳಿಯದು. ಆ ಹೆಸರಿನ ವೈದ್ಯನಿದ್ದನೆಂಬ ಕಥೆಗೆ ಆಧಾರವಿಲ್ಲ.

ಉಕಾರ ದಕ್ಕಿಸಿಕೊಂಡ ಪದ ಬೇರೊಂದಿದೆ: ಆಪರೇಷನ್ನು. ನಮ್ಮ ಕಡೆ ಹೆಂಗಸರು ‘ಎರಡಾದ್ಮೇಲೆ ಆಪ್ರೇಷನ್ನು ಮಾಡುಸ್ಕೊಂಡೆ’ ಎಂದರೆ ಯಾವ ಆಪರೇಷನ್ನೆಂದು ಯಾರೂ ಕೇಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಹೇಳಿಕೊಳ್ಳುವಷ್ಟೂ ಇಲ್ಲ. ಗರ್ಭಕೋಶಕ್ಕೆ ಹಾಕುವ ವಂಕಿ ಅವಳಿಗೆ, ಮಾತ್ರೆ ಅವಳಿಗೆ, ಹೊಟ್ಟೆಯ ಮೇಲಿನ ಗಾಯವೂ ಅವಳಿಗೆ. ಗಂಡಸಿನ ಪಾಲಿಗಿದ್ದ ಈ ಸುಲಭದ ಸಾಧನವನ್ನು ಹೆಸರು ಹಿಡಿದು ಕೇಳುವ ಮಾತೇ ಅವಳ ಬಾಯಿಗೆ ಬರಲಿಲ್ಲ, ಬರಲು ನಾವು ಬಿಡಲಿಲ್ಲ. ಇದು ನನಗೆ ನೋವು ತರುತ್ತದೆ. ಇಷ್ಟಕ್ಕೂ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆಜ್ಞೆ ಹೊರಡಿಸಿ ಜಗತ್ತಿಗೇ ಮೊದಲಾದದ್ದು ನಮ್ಮ ಮೈಸೂರು ಸಂಸ್ಥಾನ. ಇಲ್ಲಿಂದ ಮೈಸೂರು ಒಂದು ರೈಲಿನ ದೂರ.

ಏಡ್ಸ್ ಬಂದ ಮೇಲೆ ‘ಕಾಂಡೋಮ್’ ಗೋಡೆಬರಹಕ್ಕೆ ಇಳಿಯಿತು. ಸೋಂಕನ್ನೂ ಬಸಿರನ್ನೂ ಒಟ್ಟಿಗೆ ತಡೆಯುವುದು ಇದೊಂದೇ. ಆಪರೇಷನ್ನಾಗಲಿ ಮಾತ್ರೆಯಾಗಲಿ ಸೋಂಕು ತಡೆಯದು. ಮೈಸೂರಿನ ‘ಆಶೋದಯ’ ಸಂಘಟನೆಯ ಲೈಂಗಿಕ ಕಾರ್ಯಕರ್ತೆಯರು ಈ ಪದವನ್ನು ಗಿರಾಕಿಯ ಎದುರೇ ಹೇಳಲು ಒಬ್ಬರಿಗೊಬ್ಬರು ಕಲಿಸಿದರು. ಗೃಹಿಣಿಗೆ ಇಲ್ಲದ ಧೈರ್ಯವನ್ನು ಸಮಾಜ ಹೊರಗಿಟ್ಟ ಹೆಂಗಸರು ಮೊದಲು ಗಳಿಸಿದರು. ಅವರಿಗೆ ನಾನು ಕೈಮುಗಿಯುತ್ತೇನೆ.

2011ರಲ್ಲಿ ಆಶಾ ಕಾರ್ಯಕರ್ತೆಯರು ಮೂರು ಕಾಂಡೋಮುಗಳ ಪೊಟ್ಟಣವನ್ನು ಒಂದು ರೂಪಾಯಿಗೆ ಮನೆ ಬಾಗಿಲಿಗೇ ತಲುಪಿಸುವ ಯೋಜನೆ ಬಂತು. ಒಳ್ಳೆಯದೇ. ಆದರೆ ಆಶಾ ಮಾತಾಡುವುದು ಹೆಂಡತಿಯ ಜೊತೆ, ಪಿಸುದನಿಯಲ್ಲಿ. ಬಳಸಬೇಕಾದವನು ಆ ಹೊತ್ತಿಗೆ ಗದ್ದೆಯಲ್ಲೋ ಆಲೆಮನೆಯಲ್ಲೋ ಇರುತ್ತಾನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಗಂಡು ಸಿಬ್ಬಂದಿ ಅಲ್ಲಿಗೇ ಹೋಗಿ, ಬೆಲ್ಲದ ಕೊಪ್ಪರಿಗೆಯ ಪಕ್ಕ ಕೂತು, ಅವನಿಗೇ ಹೇಳಬೇಕು, ಗಟ್ಟಿದನಿಯಲ್ಲಿ.