ಕೋಲಾರದ ಚಿನ್ನ, ಪಾದರಸದ ಆವಿ

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ವಹಿಸಿಕೊಂಡಾಗ, ಅದಿರಿನಿಂದ ಚಿನ್ನ ಬಿಡಿಸಲು ನೆರವಾದದ್ದು ಪಾದರಸ. ಕುಟ್ಟಿ ಪುಡಿ ಮಾಡಿದ ಅದಿರನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ನೀರಿನೊಂದಿಗೆ ಹರಿಸುತ್ತಿದ್ದರು. ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತಿದ್ದವು. ಈ ಮಿಶ್ರಣವನ್ನು ಕೆರೆದು, ಹಿಂಡಿ, ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸುತ್ತಿದ್ದರು.

ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಚಿನ್ನ ಕರಗಲು 1,064 ಡಿಗ್ರಿ ಬೇಕು. ಚಿನ್ನದ ಪರಮಾಣುಗಳು ಹೊರಕವಚದ ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಬಿಗಿಯಾಗಿ ಬೆಸೆದಿರುತ್ತವೆ. ಪಾದರಸದ ಪರಮಾಣು ತನ್ನ ಹೊರಕವಚದ ಎಲೆಕ್ಟ್ರಾನುಗಳನ್ನು ಬೀಜಕೇಂದ್ರದ ಬಳಿಯೇ ಹಿಡಿದಿಡುವುದರಿಂದ ಪರಸ್ಪರ ಸೆಳೆತ ದುರ್ಬಲ. ಆದ್ದರಿಂದಲೇ ಅದು ಮೈನಸ್ 39 ಡಿಗ್ರಿಯವರೆಗೂ ದ್ರವವಾಗಿರುತ್ತದೆ.

ಕಾದ ಪಾತ್ರೆಯಿಂದ ಕೊಳವೆಯಲ್ಲಿ ಹಾಯ್ದ ಆವಿ ತಣಿದು ಮತ್ತೆ ಪಾದರಸವಾಗಿ ಬಳಕೆಗೆ ಬರುತ್ತಿತ್ತು. ಉಳಿದ ರಂಧ್ರಮಯ ಚಿನ್ನವನ್ನು ಬಿಳಿಗಾರ ಬೆರೆಸಿ ಕರಗಿಸಿ ಗಟ್ಟಿ ಎರಕ ಹೊಯ್ಯುತ್ತಿದ್ದರು. ಪಾದರಸಕ್ಕೆ ಸಿಗದ ಸಣ್ಣ ಕಣಗಳನ್ನು ಮುಂದೆ ಸೈನೈಡ್ ದ್ರಾವಣ ಹಿಡಿಯಿತು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸೈನೈಡ್‌ನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ದಿಬ್ಬಗಳು ಈ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ (ಕೆ.ಜಿ.ಎಫ್) ಉಳಿದಿವೆ.